ಬೇರ್ಪಡದ ಪೀಕುಗಳು

೧೯೭೪ರಲ್ಲಿ ನಾನು ನೆಲಮಂಗಲದ ಹತ್ತಿರದ ಒಂದು ಪೇಂಟ್ ಮತ್ತು ಥಿನ್ನರ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಲ್ಯಾಬಿನಲ್ಲಿ ಒಂದು ಗ್ಯಾಸ್ ಕ್ರೊಮಾಟೊಗ್ರಾಫ್ ಇತ್ತು. ಬೆರಕೆ ದ್ರವದ ಒಂದು ಹನಿ ಚುಚ್ಚಿದರೆ ಅದು ಆವಿಯಾಗಿ, ಹರಿಯುವ ಗ್ಯಾಸಿನ ಜೊತೆ, ಬಿಸಿ ಓವನ್ನಿನೊಳಗಿನ ಕಾಲಮ್ ಎಂಬ ಉದ್ದನೆಯ ಸುರುಳಿ ಕೊಳವೆಯಲ್ಲಿ ಸಾಗುತ್ತದೆ. ಒಂದೊಂದು ವಸ್ತುವೂ ಬೇರೆ ಬೇರೆ ಹೊತ್ತಿಗೆ ಹೊರಬರುತ್ತದೆ. ಆಗೆಲ್ಲ ಪೆನ್ನು ಓಡುವ ಕಾಗದದ ಮೇಲೆ ಗುಡ್ಡದಂಥ ಗೆರೆ ಎಳೆಯುತ್ತದೆ. ಅದಕ್ಕೆ ಪೀಕ್ ಎನ್ನುತ್ತೇವೆ.

ಆಯುಧಪೂಜೆಗೆ ನಮ್ಮಲ್ಲಿ ಯಂತ್ರಗಳಿಗೆಲ್ಲ ರಜೆ. ಬಾಯ್ಲರಿಗೆ ಬೂದುಗುಂಬಳ, ಕ್ರೊಮಾಟೊಗ್ರಾಫಿಗೆ ಚೆಂಡುಹೂವಿನ ಹಾರ. ಸ್ವಿಚ್ ಆರಿಸಿ, ಗ್ಯಾಸ್ ನಿಲ್ಲಿಸಿ, ಕುಂಕುಮವಿಟ್ಟು ಮನೆಗೆ ಹೋಗಿದ್ದೆವು. ಅದೇ ದಿನ ಥಿನ್ನರಿಗೆ ಬೆರೆಸುವ ದ್ರವಗಳ ಡ್ರಮ್ಮುಗಳನ್ನೂ ತೊಳೆದಿದ್ದರು. ಅವುಗಳ ತಳದಲ್ಲಿ ಉಳಿದದ್ದನ್ನೆಲ್ಲ ಹನುಮಂತರಾಜು ಎಂಬ ಕೆಲಸಗಾರ ಸೀಸೆಗೆ ಬಸಿದುಕೊಂಡು, ಸ್ಪಿರಿಟ್ಟೆಂದು ನಂಬಿ ಕುಡಿದುಬಿಟ್ಟಿದ್ದ.

ಮರುದಿನ ಬೆಳಿಗ್ಗೆ ನನ್ನನ್ನು ಆಸ್ಪತ್ರೆಗೆ ಕರೆಸಿದರು. ಹನುಮಂತರಾಜುವಿಗೆ ಕಣ್ಣು ಮಂಜಾಗುತ್ತಿತ್ತು. ಡಾಕ್ಟರು ಉಳಿದ ದ್ರವದ ಸೀಸೆಯನ್ನು ನನ್ನ ಕೈಗಿಟ್ಟರು.

"ಮೆಥನಾಲ್ ಜಾಸ್ತಿ ಇದ್ರೆ ಬ್ರಾಂದಿಯೇ ಮದ್ದು. ಬರೀ ಥಿನ್ನರ್ ಆಗಿದ್ರೆ, ಬ್ರಾಂದಿ ಕೊಟ್ಟು ನಾನೇ ಇವನ ಉಸಿರು ನಿಲ್ಲಿಸ್ದಂಗಾಗುತ್ತೆ. ಬೇಗ ಹೇಳಿ."

ಮೆಥನಾಲ್ ಕಣ್ಣು ತೆಗೆಯುವ ವಿಷ; ಬ್ರಾಂದಿಯಲ್ಲಿರುವ ಎಥನಾಲ್ ಅದು ಏರದಂತೆ ತಡೆಯುತ್ತದೆ. ಲ್ಯಾಬಿಗೆ ಓಡಿಬಂದು, ಹಾರ ತೆಗೆದೆಸೆದು ಸ್ವಿಚ್ ಹಾಕಿದೆ. ಬೇಗ ಎಂಬ ಮಾತು ಆ ಯಂತ್ರಕ್ಕೆ ಗೊತ್ತಿರಲಿಲ್ಲ. ಓವನ್ ಕಾದು, ಪೆನ್ನು ನೆಟ್ಟಗೆ ಗೆರೆ ಎಳೆಯುವವರೆಗೆ ಸ್ಯಾಂಪಲ್ ಹಾಕಿ ಪ್ರಯೋಜನವಿಲ್ಲ. ಹನುಮಂತರಾಜುವಿನ ಹೆಂಡತಿ ಗೌರಮ್ಮ ನನ್ನ ಹಿಂದೆಯೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು.

"ಏನಂತು ಸಾರ್ ಮಿಷನ್ನು?"

"ಇನ್ನೂ ಬಿಸಿಯಾಗ್ಬೇಕಮ್ಮ."

ತಡೆಯಲಾರದೆ ಓವನ್ ಬಿಸಿಯನ್ನೂ ಗ್ಯಾಸಿನ ವೇಗವನ್ನೂ ಏರಿಸಿ ಹನಿ ಚುಚ್ಚಿದೆ. ಪೀಕುಗಳೇನೋ ಬೇಗ ಬಂದವು. ಆದರೆ ಥಿನ್ನರಿನ ಅಸಿಟೋನ್, ಮೆಥನಾಲ್, ಸ್ಪಿರಿಟ್ಟಿನ ಎಥನಾಲ್ ಮೂರೂ ಅಂಟಿಕೊಂಡು ಒಂದೇ ಗುಡ್ಡವಾಗಿ ಬಂದವು. ಯಾವುದು ಎಷ್ಟು ಎಂದು ದೇವರೇ ಹೇಳಬೇಕು. ಬೇರ್ಪಡಬೇಕಾದರೆ ಕಾಲಮ್ ತಣ್ಣಗಿರಬೇಕು, ಆವಿ ನಿಧಾನವಾಗಿ ಸಾಗಬೇಕು. ಅಷ್ಟು ಹೊತ್ತು ಕಾದು ಕಾಯಿಸಿದ್ದನ್ನು ಈಗ ಆರಿಸಬೇಕಿತ್ತು. ಓವನ್ ಬಾಗಿಲು ತೆಗೆದು ರಟ್ಟಿನಿಂದ ಬೀಸತೊಡಗಿದೆ.

"ಕೊಡಿ ಸಾರ್, ನಾನು ಬೀಸ್ತೀನಿ," ಎಂದು ಗೌರಮ್ಮ ರಟ್ಟು ಇಸಿದುಕೊಂಡಳು. ಗಂಡನಿಗೇ ಗಾಳಿ ಹಾಕುವಂತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಸಿದಳು. ಅಷ್ಟು ವರ್ಷ ಓದಿದ ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ನನಗೆ ಅಳು ಬಂದಿತ್ತು.

ಮಧ್ಯಾಹ್ನ ಕಳೆದ ಮೇಲೆ ಪೀಕುಗಳು ಬಿಡಿಬಿಡಿಯಾಗಿ ಬಂದವು. ಮೆಥನಾಲಿನದೇ ಎಲ್ಲಕ್ಕಿಂತ ದೊಡ್ಡದು. ಕಾಗದ ಹರಿದುಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಬ್ರಾಂದಿ ಶುರುಮಾಡಿದರು. ಹನುಮಂತರಾಜು ಬದುಕಿಕೊಂಡ. ಕಣ್ಣು ಮಾತ್ರ ಹೋಯಿತು.

ಮುಂದೆ ಉದ್ದನೆಯ ಕಾಲಮ್‌ಗಳು ಬಂದವು, ವೇಗದ ಯಂತ್ರಗಳು ಬಂದವು. ವೇಗವನ್ನೂ ಬೇರ್ಪಡಿಕೆಯನ್ನೂ ಒಟ್ಟಿಗೆ ಸಾಧಿಸುವುದು ಹೇಗೆಂದು ಹೊಸಬರಿಗೆ ನಾನೇ ಪಾಠ ಹೇಳಿದೆ. ನಾನಿದ್ದ ಯಾವ ಲ್ಯಾಬಿನಲ್ಲೂ ಹಬ್ಬಕ್ಕೆಂದು ಯಂತ್ರ ಆರಿಸಲು ಬಿಡಲಿಲ್ಲ. ಸರಿಯಾದ ಉತ್ತರ ಹೊತ್ತು ಮೀರಿ ಬಂದರೆ ಅದು ಬರೀ ಕಾಗದ ಎಂಬುದೇ ಈ ಕೆಲಸ ನನಗೆ ಕಲಿಸಿದ ಪಾಠ.

ಆಗ, ಆಸ್ಪತ್ರೆಯಿಂದ ಹೊರಟ ದಿನ, ಗೌರಮ್ಮ ಗಂಡನ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದಳು. ನನ್ನನ್ನು ಕಂಡು ನಿಂತು ಕೇಳಿದಳು:

"ನಾನು ಇನ್ನೂ ಜೋರಾಗಿ ಬೀಸಿದ್ರೆ ಉಳೀತಿತ್ತಾ ಸಾರ್, ಕಣ್ಣು?"