ಗೋಳಗುಮ್ಮಟದ ಊರಿನ ಅತ್ತೆಗೆ ಸ್ವೀಡನ್ ತೋರಿಸಿದ್ದು

ನನ್ನ ಅತ್ತೆ ಸ್ಟಾಕ್‌ಹೋಮ್ ವಿಮಾನ ನಿಲ್ದಾಣದ ಬಾಗಿಲಿಂದ ಹೊರಬಂದಾಗ ಇಳಕಲ್ ಸೀರೆಯ ಮೇಲೆ ಮಗನ ಹಳೇ ಸ್ವೆಟರ್ ತೊಟ್ಟಿದ್ದರು. ಕಾಲಲ್ಲಿ ಹೊಸ ಬಿಳಿ ಬೂಟು. ತಳ್ಳುಗಾಡಿಯಲ್ಲಿ ಎರಡು ಸೂಟ್‌ಕೇಸು. ಒಂದನ್ನು ಎತ್ತಲು ಹೋಗಿ ನನ್ನ ಕೈ ಕಳಚಿದಂತಾಯಿತು.

"ಇದ್ರಲ್ಲಿ ಏನಿದೆ ಅತ್ತೆ?"

"ಏನೂ ಇಲ್ಲವಾ. ಜ್ವಾಳದ ಹಿಟ್ಟು. ಐದ ಕಿಲೋ."

ಹಿಟ್ಟು ತರಬೇಡ ಎಂದು ನನ್ನ ಗಂಡ ಫೋನಿನಲ್ಲಿ ಮೂರು ಸಲ ಹೇಳಿದ್ದ. ಸ್ವೀಡನ್ನಿನ ಕನ್ನಡಿಗರ ನಡುವೆ ಅವನು ಅಪ್ಪಟ ಬೆಂಗಳೂರಿನವನಂತೆ ಮಾತಾಡುತ್ತಾನೆ. ಅವ್ವನ ಫೋನ್ ಬಂದರೆ ಮಾತ್ರ ನಾಲಿಗೆ ತುಂಗಭದ್ರೆ ದಾಟಿಬಿಡುತ್ತದೆ. "ಯವ್ವಾ, ಇಲ್ಲೆ ಎಲ್ಲಾ ಸಿಗತೈತಿ, ಹಿಟ್ಟು ಗಿಟ್ಟು ಬ್ಯಾಡ" ಎಂದು ಅವನು ಹೇಳಿದ್ದಕ್ಕೆ ಅತ್ತೆ "ಹೂಂ ಹೂಂ" ಎಂದಿದ್ದರು. ಅದು ಒಪ್ಪಿಗೆಯ ಹೂಂ ಅಲ್ಲವೆಂದು ಮಗನಿಗೆ ಗೊತ್ತಿರಬೇಕಿತ್ತು.

ಆಗ ನಾವಿಬ್ಬರೂ ಉತ್ತರದ ಉಮೆಯೊದಲ್ಲಿದ್ದೆವು. ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಿಡಗಳ ಬೇರಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ, ಅವನು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅವನಿಗೆ ರಜೆ ಸಿಗಲಿಲ್ಲ. ಅದು ಎರಡು ಸಾವಿರದ ಏಳರ ಜೂನ್. ಅತ್ತೆಗೆ ಸ್ಟಾಕ್‌ಹೋಮ್ ತೋರಿಸಿ, ದಾರಿಯಲ್ಲಿ ಉಪ್ಸಾಲಾ ತೋರಿಸಿ, ಉಮೆಯೊಗೆ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಗಂಟೆಗಂಟೆಯ ಲೆಕ್ಕದಲ್ಲಿ ಒಂದು ಪಟ್ಟಿ ಮಾಡಿ, ಬಣ್ಣ ಹಚ್ಚಿ, ಪ್ರಿಂಟ್ ತೆಗೆದಿಟ್ಟುಕೊಂಡಿದ್ದೆ. ಒಂಬತ್ತಕ್ಕೆ ಅರಮನೆ, ಹನ್ನೊಂದಕ್ಕೆ ಹಡಗು, ಹೀಗೆ. ಅತ್ತೆ ಹುಟ್ಟಿ ಬೆಳೆದದ್ದು ಬಿಜಾಪುರದಲ್ಲಿ, ಗೋಳಗುಮ್ಮಟದಿಂದ ಎರಡು ಓಣಿ ಆಚೆ. ಆ ಸಂಗತಿಯನ್ನು ನನ್ನ ಪಟ್ಟಿ ಗಣನೆಗೇ ತೆಗೆದುಕೊಂಡಿರಲಿಲ್ಲ.

ಮೊದಲ ಎರಡು ದಿನ ಸ್ಟಾಕ್‌ಹೋಮ್ ಹೊರವಲಯದ ಸೊಲ್ಲೆಂಟುನಾದಲ್ಲಿ ನನ್ನ ಗೆಳತಿಯ ಮನೆಯಲ್ಲಿ ಉಳಿದೆವು. ಅಲ್ಲಿಂದ ಲೋಕಲ್ ರೈಲು ಹಿಡಿದು ಪೇಟೆಗೆ ಹೋದೆವು. ಅರಮನೆಯ ಮುಂದೆ ನಿಂತು ನಾನು, "ಆರುನೂರಕ್ಕೂ ಹೆಚ್ಚು ಕೋಣೆ ಇದೆಯಂತೆ ಅತ್ತೆ" ಎಂದೆ.

ಅತ್ತೆ ಅದನ್ನು ಎಡದಿಂದ ಬಲಕ್ಕೆ ನೋಡಿದರು. "ಚೌಕ ಐತಿ" ಎಂದರು. ಆಮೇಲೆ ಕತ್ತೆತ್ತಿ ಛಾವಣಿಯತ್ತ ನೋಡಿ ಕೇಳಿದರು, "ಗುಮ್ಮಟ ಇಲ್ಲೇನು?"

"ಇಲ್ಲ."

"ಹೋಗಲಿ ಬಿಡು. ಎಲ್ಲಾರಿಗೂ ಆಗೂದಿಲ್ಲ."

ಅರಮನೆಗೆ ನಾನು ಒಂದು ಗಂಟೆ ಇಟ್ಟಿದ್ದೆ. ಅದು ಏಳು ನಿಮಿಷದಲ್ಲಿ ಮುಗಿಯಿತು.

ಹಡಗಿನ ಮ್ಯೂಸಿಯಂನಲ್ಲಿ ಮಾತ್ರ ಅತ್ತೆ ನಿಂತುಬಿಟ್ಟರು. ಮುನ್ನೂರಕ್ಕೂ ಹೆಚ್ಚು ವರ್ಷ ಸಮುದ್ರದ ತಳದಲ್ಲಿದ್ದ ಇಡೀ ಹಡಗನ್ನು ಮೇಲೆತ್ತಿ, ಅದರ ಸುತ್ತಲೇ ಕಟ್ಟಡ ಕಟ್ಟಿದ್ದಾರೆ. ಅರೆಗತ್ತಲಲ್ಲಿ ಅದರ ಕಪ್ಪು ಮರ ಎದ್ದು ನಿಂತಿದೆ. ಅತ್ತೆ ಒಂದು ಸುತ್ತು ಬಂದು ಕೇಳಿದರು, "ಇದು ಎಷ್ಟ ವರ್ಷ ಓಡಿತವಾ?"

"ಓಡಲೇ ಇಲ್ಲ. ಮೊದಲ ಸಲ ನೀರಿಗೆ ಹೊರಟ ದಿನವೇ, ಬಂದರು ದಾಟೋ ಮೊದಲೇ ಮುಳುಗಿತಂತೆ."

"ಯಾಕ?"

"ಮೇಲ್ಭಾರ ಜಾಸ್ತಿ ಆಗಿ. ರಾಜನಿಗೆ ತುಂಬಾ ತೋಪು ಬೇಕಿತ್ತಂತೆ."

"ಇಷ್ಟ ಮಂದಿ ಇದ್ರಲ್ಲ, ಯಾರೂ ಹೇಳಲಿಲ್ಲೇನು ಅವಗ?"

"ರಾಜನಿಗೆ ಯಾರು ಹೇಳ್ತಾರೆ ಅತ್ತೆ?"

"ಹೌದ, ಅದೂ ಖರೇನ." ಅವರು ತೋಪಿನ ಕಿಂಡಿಗಳನ್ನು ಎಣಿಸುತ್ತ ನಡೆದರು. "ನಮ್ಮ ಮಲಿಕ್-ಎ-ಮೈದಾನ್ ತೋಪು ಒಂದ ಏರಿಸಿದ್ರ ಸಾಕಿತ್ತು, ಇದು ದಂಡಿ ಮ್ಯಾಲ ಇದ್ದಾಗನ ಮುಳಗತಿತ್ತು."

ಆದರೆ ಅವರಿಗೆ ಸ್ವೀಡನ್ನಿನವರ ಮೇಲೆ ಗೌರವ ಹುಟ್ಟಿದ್ದೂ ಅಲ್ಲೇ. ಮುಳುಗಿದ್ದನ್ನು ಮುಚ್ಚಿಡದೆ ಜಗತ್ತಿಗೆ ತೋರಿಸುತ್ತಾರಲ್ಲ ಎಂದು ನಾನು ಅಂದಾಗ ಅವರು ತಲೆಯಾಡಿಸಿದರು. "ನಮ್ಮಲ್ಲೂ ಬಾರಾ ಕಮಾನ್ ಐತಲ್ಲ. ಅರ್ಧಕ್ಕ ನಿಂತದ್ದು. ಅದನ್ನ ನೋಡಾಕೂ ಮಂದಿ ಬರ್ತಾರ. ಪೂರಾ ಆಗಿದ್ರ ಇಷ್ಟ ಮಂದಿ ಬರತಿದ್ರೋ ಇಲ್ಲೋ."

ಹೊರಗೆ ಬಂದಾಗ ಹಸಿವಾಗಿತ್ತು. ಊಟದ ವಿಷಯದಲ್ಲಿ ಅತ್ತೆ ಯಾರನ್ನೂ ನಂಬುವವರಲ್ಲ. ಪಕ್ಕದ ಕೆಫೆಯಲ್ಲಿ ಗಾಜಿನ ಹಿಂದಿದ್ದ ಒಂದೊಂದನ್ನೂ ಬೆರಳು ಮಾಡಿ "ಇದರಾಗ ಏನ್ ಹಾಕ್ಯಾರ?" ಎಂದು ಕೇಳಿದರು. ಮೀನು, ಹಂದಿ, ಮತ್ತೆ ಮೀನು, ಸಿಗಡಿ. ಕೊನೆಗೆ ದಾಲ್ಚಿನ್ನಿಯ ಸುರುಳಿ ಬನ್ ಒಂದನ್ನು ಮೂಗಿನ ಹತ್ತಿರ ತಂದವರೇ ಕಣ್ಣರಳಿಸಿದರು.

"ಯಾಲಕ್ಕಿ! ಇವರಿಗೆ ಯಾಲಕ್ಕಿ ಯಾರ ಕೊಟ್ರವಾ?"

ಎರಡು ಬನ್ ತಿಂದರು. ಹೀಗೆ ಕೆಲಸ ಬಿಟ್ಟು ಕೂತು ಕಾಫಿ ಕುಡಿದು ತಿನ್ನುವುದಕ್ಕೆ ಇಲ್ಲಿ ಫೀಕಾ ಅಂತಾರೆ, ಆಫೀಸಿನಲ್ಲೂ ದಿನಕ್ಕೆರಡು ಸಲ ಫೀಕಾ ಇರುತ್ತೆ ಎಂದು ನಾನು ವಿವರಿಸಿದೆ. ಅತ್ತೆ ಕಾಫಿಯ ಬಟ್ಟಲು ಕೆಳಗಿಟ್ಟರು. "ಹೆಸರು ಬರೋಬ್ಬರಿ ಇಟ್ಟಾರ. ಸಕ್ಕರೀನೂ ಇಲ್ಲ, ಹಾಲೂ ಇಲ್ಲ. ಪೂರಾ ಫಿಕ್ಕಾ."

ಮರುದಿನ ಉಪ್ಸಾಲಾದಲ್ಲಿ ಇಳಿದೆವು. ಅಲ್ಲಿನ ದೊಡ್ಡ ಚರ್ಚಿನ ಜೋಡಿ ಗೋಪುರಗಳನ್ನು ನೋಡಲು ಕತ್ತು ನೋಯುವಷ್ಟು ಎತ್ತಬೇಕು. ಒಳಗೆ ಕೆಂಪು ಇಟ್ಟಿಗೆಯ ಕಂಬಗಳು, ರಾಜರ ಗೋರಿಗಳು, ಬಣ್ಣದ ಗಾಜಿನಿಂದ ಇಳಿಯುವ ಬೆಳಕು. ಜನ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ನಾನು ಪಟ್ಟಿಯಲ್ಲಿ ಬರೆದುಕೊಂಡದ್ದನ್ನು ಓದುತ್ತಿದ್ದಾಗ ಪಕ್ಕದಲ್ಲಿ ಫಟಾರೆಂದು ಸದ್ದಾಯಿತು.

ಅತ್ತೆ ಚಪ್ಪಾಳೆ ಹೊಡೆದಿದ್ದರು. ಹೊಡೆದು, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು.

"ಅತ್ತೆ, ಇಲ್ಲಿ ಹಾಗೆಲ್ಲ ಮಾಡಬಾರ್ದು!"

"ತಡಿಯವಾ, ಎಣಸಾಕತ್ತೀನಿ." ಇನ್ನೊಮ್ಮೆ ಹೊಡೆದರು. "ಒಂದ ಸಲಾನೂ ಸರಿಯಾಗಿ ತಿರುಗಿ ಬರವಲ್ದು. ನಮ್ಮಲ್ಲಿ ಏಳ ಸಲ ಬರತೈತಿ."

ಇಡೀ ಚರ್ಚು ನಮ್ಮ ಕಡೆ ತಿರುಗಿತ್ತು. ಅಲ್ಲಿನ ಉಸ್ತುವಾರಿಯವರಿರಬೇಕು, ನೀಲಿ ಸ್ವೆಟರಿನ ವಯಸ್ಸಾದ ಒಬ್ಬರು ನಿಧಾನ ನಡೆದುಬಂದರು. ನಾನು ಕ್ಷಮೆ ಕೇಳುತ್ತಲೇ ಗೋಳಗುಮ್ಮಟ, ಪಿಸುಗುಟ್ಟುವ ಗ್ಯಾಲರಿ, ಏಳು ಪ್ರತಿಧ್ವನಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಅವರು ಅತ್ತೆಯನ್ನು ನೋಡಿ ಇಂಗ್ಲಿಷಿನಲ್ಲಿ ಶಾಂತವಾಗಿ ಹೇಳಿದರು. ಇನ್ನು ಹತ್ತು ನಿಮಿಷಕ್ಕೆ ಆರ್ಗನ್ ನುಡಿಸುತ್ತಾರೆ, ಈ ಕಟ್ಟಡವನ್ನು ಕೇಳಬೇಕಾದರೆ ಆಗ ಕೇಳಿ, ಎರಡು ಕೈ ಇದಕ್ಕೆ ಸಾಲದು.

ನಾನು ಅನುವಾದಿಸಿದೆ. ಅತ್ತೆಗೆ ನ್ಯಾಯವೆನಿಸಿತು. ಮರದ ಬೆಂಚಿನ ಮೇಲೆ ಕೂತೆವು. ಆರ್ಗನ್ ಶುರುವಾದಾಗ ಅದರ ಕೆಳಸ್ವರ ಬೆಂಚಿನ ಮೂಲಕ ನನ್ನ ಬೆನ್ನುಹುರಿಗೆ ಬಂತು. ಕಣ್ಣು ತುಂಬಿಕೊಂಡು ಅತ್ತೆಯತ್ತ ತಿರುಗಿದೆ. ಅವರು ಗಾಢ ನಿದ್ದೆಯಲ್ಲಿದ್ದರು. ಮುಗಿದ ಮೇಲೆ ಎದ್ದು, "ಛಲೋ ಆತು ನೋಡು. ಮೂರ ದಿನದಿಂದ ನಿದ್ದಿನ ಇದ್ದಿಲ್ಲ" ಎಂದರು.

ಅಲ್ಲಿಂದ ಉತ್ತರಕ್ಕೆ ಬಸ್ಸು. ಉಮೆಯೊ ತಲುಪಿದಾಗ ಊಟದ ಹೊತ್ತು ಮೀರಿದ್ದರೂ ಹೊರಗೆ ಬಿಸಿಲಿತ್ತು. ಅತ್ತೆ ಕೈಕಾಲು ತೊಳೆದು ದೇವರ ಮುಂದೆ ಬತ್ತಿ ಹೊಸೆದಿಟ್ಟುಕೊಂಡು, ಸೂರ್ಯ ಮುಳುಗುವುದನ್ನೇ ಕಿಟಕಿಯಲ್ಲಿ ಕಾಯುತ್ತ ಕೂತರು. "ದೀಪ ಯಾವಾಗ ಹಚ್ಚೂದೋ?" ಎಂದು ಮಗನನ್ನು ಕೇಳಿದರು. ಅವನು "ಆಗಸ್ಟ್‌ನಾಗ" ಎಂದ. ಬೈಸಿಕೊಂಡ.

ಒಂದು ವಾರದಲ್ಲಿ ಅವರು ಆ ಊರಿನ ಬಗ್ಗೆ ತಮ್ಮ ದೂರುಗಳನ್ನು ಸಿದ್ಧ ಮಾಡಿದರು. ಜನ ಎದುರಾದಾಗ "ಹೇ ಹೇ" ಎಂದು ದನ ಅಟ್ಟುವಂತೆ ಯಾಕೆ ಕೂಗುತ್ತಾರೆ? ಅದು ಇಲ್ಲಿನ ನಮಸ್ಕಾರ ಎಂದೆ. ಮತ್ತೆ ಎಲ್ಲರೂ "ಬ್ರಾ, ಬ್ರಾ" ಅನ್ನುತ್ತಾರಲ್ಲ? ಅದಕ್ಕೆ ಇಲ್ಲಿ 'ಒಳ್ಳೇದು' ಎಂದರ್ಥ ಅಂತ ಹೇಳಿದೆ. "ನಾ ಏನ ತಿಳಕೊಂಡಿದ್ದೆ ಗೊತ್ತೇನು? 'ಬರ್ರಾ' ಅಂತ ಕರಿತಾರ, ಎಲ್ಲಿಗೆ ಅಂತ ಹೇಳೂದಿಲ್ಲ ಅಂತ."

ಆ ಭಾನುವಾರ ನನ್ನ ಪಟ್ಟಿಯಲ್ಲಿ ಊರ ಗುಡ್ಡದ ಮೇಲಿನ ಬಯಲು ಮ್ಯೂಸಿಯಂ ಇತ್ತು. ಹಳ್ಳಿಗಳಿಂದ ತಂದು ನಿಲ್ಲಿಸಿದ ಹಳೇ ಮರದ ಮನೆಗಳು, ಗಾಳಿಗಿರಣಿ, ಕುರಿದೊಡ್ಡಿ. ಅತ್ತೆ ಎಲ್ಲದರ ಮುಂದೆಯೂ ಮರ್ಯಾದೆಗೆ ಒಂದೊಂದು ನಿಮಿಷ ನಿಂತರು. ಆಮೇಲೆ ಗಾಳಿಯಲ್ಲಿ ಸೌದೆಯ ಹೊಗೆಯೂ ಸುಡುವ ಹಿಟ್ಟಿನ ವಾಸನೆಯೂ ಬಂತು. ಅವರು ನನ್ನನ್ನು ಬಿಟ್ಟು ಮುಂದೆ ನಡೆದರು. ಬೂಟಿನಲ್ಲಿ ಅವರು ಅಷ್ಟು ಜೋರಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ಅದೊಂದು ಸಣ್ಣ ಅಡುಗೆಮನೆಯಂಥ ಗುಡಿಸಲು. ಒಳಗೆ ತಲೆಗೆ ಬಟ್ಟೆ ಕಟ್ಟಿದ ಮೂವರು ಹೆಂಗಸರು. ಉದ್ದ ಮೇಜಿನ ಮೇಲೆ ಬಾರ್ಲಿ ಹಿಟ್ಟಿನ ಉಂಡೆಗಳು. ಮೈತುಂಬ ಕಚ್ಚುಗಳಿರುವ ಲಟ್ಟಣಿಗೆಯಿಂದ ಅವನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಉದ್ದ ಮರದ ಪಟ್ಟಿಯಿಂದ ಎತ್ತಿ, ಕೆಂಡದ ಪಕ್ಕದ ಬಿಸಿಕಲ್ಲಿನ ಮೇಲೆ ಹಾಸುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗುಳ್ಳೆ ಎದ್ದು ಬೇಯುತ್ತಿತ್ತು.

"ರೊಟ್ಟಿ!" ಎಂದರು ಅತ್ತೆ. ಆಮೇಲೆ ಸ್ವರ ತಗ್ಗಿಸಿ, "ಅಯ್ಯ, ಲಟ್ಟಸಾಕತ್ಯಾರಲ್ಲ! ರೊಟ್ಟಿ ಯಾರಾದ್ರೂ ಲಟ್ಟಸ್ತಾರೇನು? ಬಡೀಬೇಕು."

ಮೂವರಲ್ಲಿ ಹಿರಿಯರು, ಅತ್ತೆಗಿಂತ ಹತ್ತು ವರ್ಷವಾದರೂ ದೊಡ್ಡವರು, ಬಾಗಿಲಲ್ಲಿ ನಿಂತ ಸೀರೆಯನ್ನು ನೋಡಿ ನಕ್ಕು, ಕೈಸನ್ನೆಯಿಂದ ಒಳಗೆ ಕರೆದರು. ನಾನು ಬೇಡವೆನ್ನುವ ಮೊದಲೇ ಅತ್ತೆ ಸ್ವೆಟರಿನ ತೋಳು ಏರಿಸಿ ಕೈ ತೊಳೆಯುತ್ತಿದ್ದರು. ಲಟ್ಟಣಿಗೆ ಕೊಡಲು ಬಂದರೆ ತಳ್ಳಿದರು. ಒಂದು ಉಂಡೆ ತೆಗೆದುಕೊಂಡು, ಹಿಟ್ಟು ಉದುರಿಸಿ, ಅಂಗೈಯಿಂದ ತಟತಟನೆ ಬಡಿಯತೊಡಗಿದರು. ನೋಡಲು ಹತ್ತು ಹನ್ನೆರಡು ಜನ ಸೇರಿದರು. ಒಬ್ಬರು ಕ್ಯಾಮೆರಾ ತೆಗೆದರು.

ಮೊದಲನೆಯದು ಮೇಜಿಗೆ ಅಂಟಿ ನಡುವೆ ಹರಿಯಿತು. ಎರಡನೆಯದು ಎತ್ತುವಾಗ ಮೂರು ತುಂಡಾಯಿತು. ಮೂರನೆಯದು ಅಂಗೈ ಬಿಟ್ಟು ಬರಲೇ ಇಲ್ಲ. ನಲವತ್ತು ವರ್ಷ ದಿನಕ್ಕೆ ಮೂವತ್ತು ನಲವತ್ತು ರೊಟ್ಟಿ ಬಡಿದ ಕೈ ಅದು. ಮದುವೆ ಮನೆಗಳಲ್ಲಿ ಅವರ ರೊಟ್ಟಿಗೆ ಜನ ಕಾಯುತ್ತಿದ್ದರೆಂದು ಕೇಳಿದ್ದೆ. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಹಿರಿಯ ಹೆಂಗಸು ಅವರ ಬೆರಳಿನ ಹಿಟ್ಟನ್ನು ಒರೆಸಿ, ಲಟ್ಟಣಿಗೆಯನ್ನು ಮೆಲ್ಲಗೆ ಕೈಗಿಟ್ಟರು. ಅತ್ತೆ ಈ ಸಲ ಹಿಡಿದರು. ಒಂದು ಉಂಡೆ ಲಟ್ಟಿಸಿದರು. ಅದು ಹುಣ್ಣಿಮೆ ಚಂದ್ರನಂತೆ ಗುಂಡಗೆ ಬಂತು. "ಬ್ರಾ!" ಎಂದರು ಹಿರಿಯರು. ಬೆಂದದ್ದಕ್ಕೆ ಬೆಣ್ಣೆ ಸವರಿ ಅತ್ತೆಯ ಕೈಗೆ ಕೊಟ್ಟರು. ಏನು ಹಾಕಿದ್ದಾರೆಂದು ಅತ್ತೆ ಕೇಳಲಿಲ್ಲ, ತಿಂದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆ ಉಗುರಿನ ಸಂದಿಯಲ್ಲಿ ಉಳಿದ ಹಿಟ್ಟನ್ನು ತಿಕ್ಕಿ ತಿಕ್ಕಿ ನೋಡುತ್ತಿದ್ದರು. ಬಾಗಿಲು ತೆಗೆಯುವಾಗ ಅಂದರು, "ಹಿಟ್ಟಿನ್ಯಾಗ ಹಾಲು ಹಾಕ್ಯಾರ. ಜಿಗಟ ಆಗೈತಿ. ನನ್ನ ಕೈದು ತಪ್ಪಲ್ಲ."

"ಅಲ್ಲವೇ ಅಲ್ಲ ಅತ್ತೆ."

"ನಾಳೆ ಹೋಗೂಣು."

ಮರುದಿನ ನಾನು ಲ್ಯಾಬಿಗೆ ರಜೆ ಹಾಕಿದೆ. ಅತ್ತೆ ಒಂದು ಡಬ್ಬಿ ಜೋಳದ ಹಿಟ್ಟು, ಥರ್ಮಾಸಿನಲ್ಲಿ ಕುದಿ ನೀರು, ಶೇಂಗಾ ಚಟ್ನಿಯ ಪೊಟ್ಟಣ ಹಿಡಿದು ಹೊರಟರು. ಆ ಹೆಂಗಸರು ಮೇಜಿನ ಒಂದು ಮೂಲೆ ಖಾಲಿ ಮಾಡಿಕೊಟ್ಟರು. ಎಸರು ಹಾಕಿ, ಬಿಸಿಬಿಸಿಯಲ್ಲೇ ನಾದಿ, ಅತ್ತೆ ಬಡಿದರು. ರೊಟ್ಟಿ ಅವರ ಅಂಗೈ ಕೆಳಗೆ ತಾನಾಗಿ ತಿರುಗುತ್ತ ಅಗಲವಾಯಿತು. ಹಂಚಿಲ್ಲದಿದ್ದರೂ ಬಿಸಿಕಲ್ಲಿನ ಮೇಲೆ ಉಬ್ಬಿತು. ಮೂವರೂ ಲಟ್ಟಣಿಗೆ ಕೆಳಗಿಟ್ಟು ನೋಡುತ್ತ ನಿಂತರು. ಆಮೇಲೆ ತಾವೂ ಬಡಿಯಲು ಬಂದರು, ಮೂವರದೂ ಹರಿಯಿತು. ಹಿರಿಯರು ನಗು ತಡೆಯಲಾಗದೆ ಬೆಂಚಿನ ಮೇಲೆ ಕೂತುಬಿಟ್ಟರು. ಅತ್ತೆ ಅವರ ಬೆರಳಿನ ಹಿಟ್ಟು ಒರೆಸುತ್ತ, "ಹಿಂಗಲ್ಲ ಯಕ್ಕಾ, ಕೈ ಸಡ್ಲ ಬಿಡು" ಎಂದು ಶುದ್ಧ ಬಿಜಾಪುರದ ಕನ್ನಡದಲ್ಲಿ ಕಲಿಸಿದರು. ಶೇಂಗಾ ಚಟ್ನಿ ತಿಂದು ಮೂವರ ಮುಖವೂ ಕೆಂಪಾಯಿತು. ಆದರೂ ಮತ್ತೆ ಕೈಚಾಚಿದರು.

ಮೂಲೆಯಲ್ಲಿ ಸುಮ್ಮನೆ ನಗುತ್ತಿದ್ದ ನನ್ನ ಮೇಲೆ ಆಗ ಅತ್ತೆಯ ಕಣ್ಣು ಬಿತ್ತು.

"ನೀ ಯಾಕ ನಿಂತಿ? ಬಾರವಾ."

"ನಂಗೆ ಬರಲ್ಲ ಅತ್ತೆ. ನಿಮಗೆ ಗೊತ್ತಲ್ಲ."

"ಇವರಿಗೂ ಬರೂದಿಲ್ಲ. ನಾಚಿಕಿ ಆಗೇತೇನು ಅವರಿಗೆ?"

ಮದುವೆಯಾಗಿ ನಾಲ್ಕು ವರ್ಷ, ಬಿಜಾಪುರದ ಅಡುಗೆಮನೆಗೆ ಅವರು ರೊಟ್ಟಿ ಬಡಿಯಲು ಕರೆದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಅಲ್ಲಿ ನೆಪವಿರಲಿಲ್ಲ. ಬಡಿದೆ. ಅದು ಅಗಲವಾಗದೆ ಉದ್ದಕ್ಕೇ ಬೆಳೆಯಿತು. ಸ್ವೀಡಿಷ್ ಹೆಂಗಸರಲ್ಲಿ ಕಿರಿಯಳು ಅದನ್ನು ನೋಡಿ ಗೋಡೆಯ ಮೇಲಿದ್ದ ತಮ್ಮ ದೇಶದ ನಕ್ಷೆಯತ್ತ ಬೆರಳು ಮಾಡಿದಳು. ಹೌದು, ಹಾಗೇ ಇತ್ತು, ಕೆಳಗಿನ ಬಾಗೂ ಸೇರಿ. ಅತ್ತೆ ಅದನ್ನೇ ಬೇಯಿಸಿ, ಚಟ್ನಿ ಹಚ್ಚಿ, ಉತ್ತರದ ತುದಿ ಮುರಿದು ತಾವು ತಿಂದು ಉಳಿದದ್ದನ್ನು ನನಗೆ ಕೊಟ್ಟರು.

ಅಲ್ಲಿಗೆ ನನ್ನ ಪಟ್ಟಿ ಕೊನೆಯಾಯಿತು. ಕಡಲ ತೀರದ ದೋಣಿ ವಿಹಾರ, ಹಿಮಸಾರಂಗಗಳ ಹಟ್ಟಿ, ಇನ್ನೊಂದು ಕೋಟೆ, ಯಾವುದಕ್ಕೂ ಅತ್ತೆ ಬರಲಿಲ್ಲ. ಉಳಿದ ಎರಡು ವಾರ ಗುಡಿಸಲಲ್ಲಿ ಒಲೆ ಹಚ್ಚಿದ ದಿನವೆಲ್ಲ ಅವರು ಅಲ್ಲೇ. ದಾರಿ ಕಲಿತುಕೊಂಡು ಒಬ್ಬರೇ ಹೋಗುತ್ತಿದ್ದರು. "ಯವ್ವಾ, ಸ್ವೀಡನ್ ನೋಡಾಕ ಬಂದು ರೊಟ್ಟಿ ಬಡಿಯಾಕತ್ತೀಯಲ್ಲ" ಎಂದು ಮಗ ರೇಗಿದರೆ, "ನೋಡಾಕತ್ತೀನಿ ತಗೋ. ಕೈ ಖಾಲಿ ಇಟಗೊಂಡ ನೋಡಬೇಕಂತೇನು?" ಎನ್ನುತ್ತಿದ್ದರು. ಭಾಷೆಯೇ ಇಲ್ಲದೆ ಅತ್ತೆಯೂ ಗುಡಿಸಲಿನ ಆ ಹಿರಿಯರೂ ಏನೆಲ್ಲ ಮಾತಾಡಿಕೊಂಡರೋ, ಒಂದು ಸಂಜೆ ಅತ್ತೆ ಬಂದು, ಆ ಯಕ್ಕನ ಗಂಡ ತೀರಿಹೋಗಿ ಆರು ವರ್ಷವಾಯಿತು, ಮಗಳು ಗೋಥೆನ್‌ಬರ್ಗಿನಲ್ಲಿದ್ದಾಳೆ, ಮೊಣಕಾಲು ನೋವು ಎಡಗಡೆ ಜಾಸ್ತಿ ಎಂದು ವರದಿ ಒಪ್ಪಿಸಿದರು. ನಾನು ಆಮೇಲೆ ವಿಚಾರಿಸಿದೆ. ಎಲ್ಲ ಸರಿಯಾಗಿತ್ತು, ಮೊಣಕಾಲು ಮಾತ್ರ ಬಲಗಡೆಯದು.

ಹೊರಡುವ ಹಿಂದಿನ ದಿನ ಆ ಹಿರಿಯರು ಕಾಗದದಲ್ಲಿ ಸುತ್ತಿದ ಕಚ್ಚಿನ ಲಟ್ಟಣಿಗೆಯೊಂದನ್ನು ಅತ್ತೆಗೆ ಕೊಟ್ಟರು. ಅದನ್ನು ಸೂಟ್‌ಕೇಸಿಗೆ ಹಿಡಿಸಲು ಅತ್ತೆ, ನಾನು ಊರಿನವರಿಗೆಂದು ಕೊಂಡಿಟ್ಟಿದ್ದ ಅರಮನೆಯ ಚಿತ್ರದ ಆರು ತಟ್ಟೆಗಳನ್ನು ತೆಗೆದು ಪಕ್ಕಕ್ಕಿಟ್ಟರು. ಬೆಂಗಳೂರಿನಲ್ಲಿ ಕಸ್ಟಮ್ಸಿನವರು ಅದನ್ನು ಹೊರತೆಗೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಏನಮ್ಮ, ಫಾರಿನ್‌ಗೆ ಹೋಗಿ ಲಟ್ಟಣಿಗೆ ತಂದಿದ್ದೀರಾ?" ಎಂದು ಕೇಳಿದರಂತೆ.

"ಹೂಂ ಮತ್ತ," ಎಂದರಂತೆ ಅತ್ತೆ, "ಅರಮನಿ ತರಾಕ ಬಿಡಲಿಲ್ಲ."