ಹೆಸರು ಹಾಕದೆ ಕಳಿಸಿದ ಲೇಖನ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆ ನಮ್ಮ ಕಾಲದಲ್ಲಿ ಬಹಳ ಗಟ್ಟಿಯಾಗಿತ್ತು. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟಿ, ಪ್ರಾಸದ ಕೊನೆಗೆ ಹೆಸರನ್ನು ಸೇರಿಸಬೇಕು. ಮದುವೆಯಾಗಿ ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ಹೆಂಗಸರು ಅಡ್ಡ ನಿಂತು, ಒಡಪು ಹೇಳದ ಹೊರತು ಒಳಗೆ ಬಿಡುವುದಿಲ್ಲ ಅಂದರು. ನಾನು ರೊಟ್ಟಿಗೂ ಬುಟ್ಟಿಗೂ ಪ್ರಾಸ ಹಾಕಿ ಹೆಸರನ್ನು ಅರ್ಧ ನುಂಗಿಯೇ ಹೇಳಿದೆ. ಎಲ್ಲರೂ ನಕ್ಕರು. ಆಮೇಲೆ ಎಷ್ಟೋ ವರ್ಷ ಆ ಹೆಸರು ನನ್ನ ಬಾಯಿಗೆ ಬರಲಿಲ್ಲ. ‘ನಮ್ಮನಿಯವರು’ ಅಂದರೆ ಊರಿಗೆಲ್ಲ ತಿಳಿಯುತ್ತಿತ್ತು.

ಇನ್ನು ಅವರೋ, ತಮ್ಮ ಹೆಸರನ್ನು ತಾವೂ ಎಲ್ಲಿಯೂ ಬರೆಯದ ಮನುಷ್ಯ. ಯಮಕನಮರಡಿಯ ಕನ್ನಡ ಸಾಲಿಯಲ್ಲಿ ಮಾಸ್ತರರಾಗಿದ್ದರು. ಪಗಾರದ ದಿನ ಸಹಿ ಮಾಡುವಾಗಲೂ ಸಂಕೋಚ ಪಡುತ್ತಿದ್ದರಂತೆ. ಅವರಿಗಿದ್ದ ಹುಚ್ಚು ಒಂದೇ, ಹಳೆಯ ತಾಡೋಲೆಯ ವಚನದ ಕಟ್ಟುಗಳು. ನಮ್ಮ ಕಡೆ ಅಂಥ ಕಟ್ಟುಗಳು ಒಕ್ಕಲುತನದ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಕೂತಿರುತ್ತಿದ್ದವು. ಬಟ್ಟೆ ಸುತ್ತಿ, ವಿಭೂತಿ ಬಳಿದು ಪೂಜೆ ಮಾಡುವರೇ ಹೊರತು ಬಿಚ್ಚಿ ಓದುವವರಿಲ್ಲ. ಇವರು ರಜೆ ಸಿಕ್ಕರೆ ಸಾಕು, ಬುತ್ತಿ ಕಟ್ಟಿಸಿಕೊಂಡು ಹೊರಡುವರು. ತುಕ್ಕಾನಟ್ಟಿಯವರೆಗೂ ನಡೆದುಹೋಗಿ ಬಂದಿದ್ದುಂಟು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದವಳು, ಅಕ್ಷರ ದುಂಡಗಿದ್ದವು. ಹೀಗಾಗಿ ಅವರು ಓದುವುದು, ನಾನು ಬರೆದುಕೊಳ್ಳುವುದು. ಮಕ್ಕಳಿಲ್ಲದ ಮನೆ. ನಮ್ಮ ಸಂಸಾರವೆಂದರೆ ಅದೇ.

ದಡ್ಡಿ ಎಂಬ ಊರಿನಲ್ಲಿ ಹೊಳೆಯ ಸಮೀಪ ಒಂದು ಮನೆ. ಯಜಮಾನಿ ವಯಸ್ಸಾದ ಹೆಂಗಸು, ಎಲ್ಲರಿಗೂ ಆಯಿ. ಗಂಡನನ್ನು ಕಳೆದುಕೊಂಡು, ಮಕ್ಕಳನ್ನೂ ಹೊಲವನ್ನೂ ಒಂದೇ ದನಿಯಲ್ಲಿ ಆಳುತ್ತಿದ್ದಳು. ಹಿಂದೊಮ್ಮೆ ಘಟಪ್ರಭೆ ಉಕ್ಕಿ ಮನೆ ಹೊಕ್ಕಾಗ ಆಕೆಯ ಮಾವನವರು ಕಾಳಿನ ಚೀಲ ಬಿಟ್ಟು ಓಲೆಯ ಕಟ್ಟನ್ನು ತಲೆಯ ಮೇಲೆ ಹೊತ್ತು ಈಚೆಗೆ ಬಂದರಂತೆ. ಆ ಕಟ್ಟನ್ನು ಮನೆಯಿಂದ ಹೊರಗೆ ಒಯ್ಯುವಂತಿರಲಿಲ್ಲ. ಬಿಚ್ಚುವುದೂ ಶ್ರಾವಣ ಸೋಮವಾರದಂದು ಮಾತ್ರ. ಆದ್ದರಿಂದ ಶ್ರಾವಣ ಬಂತೆಂದರೆ ಸೋಮವಾರಕ್ಕೊಮ್ಮೆ ಚಕ್ಕಡಿಯಲ್ಲಿ ನಾವು ದಡ್ಡಿಗೆ. ಜಗಲಿಯ ಮುಂದೆ ಕೂತು ಒಂದಿಷ್ಟು ಓಲೆಗರಿ ಓದುವುದು, ಹೊತ್ತು ಇಳಿದರೆ ಮತ್ತೆ ಕಟ್ಟಿಡುವುದು, ಉಳಿದದ್ದಕ್ಕೆ ಮುಂದಿನ ವಾರ, ಇಲ್ಲವೇ ಮುಂದಿನ ವರ್ಷ. ನನಗೆ ತಾಳ್ಮೆ ಕಡಿಮೆ. ಈ ಲೆಕ್ಕದಲ್ಲಿ ಓದಿದರೆ ನನ್ನ ಕೂದಲು ಹಣ್ಣಾಗುತ್ತವೆ ಎಂದು ಗೊಣಗುತ್ತಿದ್ದೆ. ಅವರು ನಗುತ್ತಿದ್ದರು.

ಆ ಕಟ್ಟಿನಲ್ಲಿ ಒಬ್ಬ ಶರಣೆಯ ವಚನಗಳು ಸಿಕ್ಕವು. ಅಲ್ಲಿಯವರೆಗೆ ಯಾರೂ ಅಚ್ಚು ಹಾಕಿಸದವು. ಒಲೆಯ ಮುಂದೆ ಬದುಕು ಸವೆಸಿದ ಹೆಣ್ಣುಮಗಳು ಆಕೆ. ಒಲೆಯ ಬೂದಿಯನ್ನೇ ಹಣೆಗೆ ಹಚ್ಚಿಕೊಂಡು ಶಿವನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ನಮ್ಮನಿಯವರ ಕಣ್ಣಲ್ಲಿ ನೀರಾಡಿತು. ಆಯಿ ಮಾತ್ರ ತನ್ನ ಮನೆಯಲ್ಲಿ ಇಷ್ಟು ವರ್ಷ ಇಂಥವಳೊಬ್ಬಳು ಕೂತಿದ್ದಳೇ ಎಂದು ಕಟ್ಟಿನ ಕಡೆಗೇ ನೋಡುತ್ತ ಕೂತಳು. ಅಚ್ಚು ಮಾಡಿಸುತ್ತೇವೆ ಎಂದಾಗ ಆಕೆ ಕೇಳಿದ್ದು ಒಂದೇ.

“ನಮ್ಮ ಮನಿತನದ ಹೆಸರ ಅದರಾಗ ಬರಬೇಕ್ರಿ ಮಾಸ್ತರ. ನಂದ ಬ್ಯಾಡ. ಹೊಳ್ಯಾಗಿಂದ ಹೊತ್ತು ತಂದಾವ್ರದು.”

ಇವರು ಕಟ್ಟಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. ಆಗಲಿ ಎಂದಷ್ಟೇ ಅಂದಿದ್ದರೆ ಸಾಕಾಗುತ್ತಿತ್ತು.

ಲೇಖನ ಸಿದ್ಧವಾಯಿತು. ನಾನೇ ಶುದ್ಧ ಪ್ರತಿ ಮಾಡಿದೆ. ಕೊನೆಯಲ್ಲಿ ದಡ್ಡಿಯ ಮನೆತನದ ಉಪಕಾರ ಸ್ಮರಣೆ ಇತ್ತು. ಬರೆದವರ ಹೆಸರಿನ ಜಾಗದಲ್ಲಿ ‘ಶರಣರ ಪಾದಧೂಳಿ’ ಎಂದು ಬರೆಯಲು ಹೇಳಿದರು. ನನಗೆ ರೇಗಿತು. ಧೂಳಿಗೆ ಯಾರು ಉತ್ತರ ಬರೆಯುತ್ತಾರೆ ಅಂದೆ. ಅವರದು ಒಂದೇ ಹಟ. ಶರಣರು ವಚನ ಕಟ್ಟಿ ತಮ್ಮ ದೇವರ ಅಂಕಿತ ಇಟ್ಟರೇ ಹೊರತು ತಮ್ಮ ಹೆಸರು ಇಡಲಿಲ್ಲ. ಅವರ ಮಾತನ್ನು ಆರಿಸಿ ತಂದ ನಾನು ನನ್ನ ಹೆಸರು ಹಾಕಿಕೊಳ್ಳಲೇ? ಮೇಲಾಗಿ ಹೆಸರು ಇಲ್ಲದಿದ್ದರೆ ಪರೀಕ್ಷೆ ಮಾಡುವವರು ಮುಖ ನೋಡದೆ ಬರಹವನ್ನು ಮಾತ್ರ ನೋಡುತ್ತಾರೆ, ಅದೇ ನ್ಯಾಯ ಅಂದರು. ಅಯ್ಯೋ ಶಿವನೆ, ಎಲ್ಲರನ್ನೂ ತಮ್ಮ ಹಾಗೆ ತಿಳಿದ ಜೀವ ಅದು.

ಗೋಕಾವಿಯಿಂದ ಆಗ ಒಂದು ಮಾಸಪತ್ರಿಕೆ ಬರುತ್ತಿತ್ತು. ಹಳೆಯ ಗ್ರಂಥಗಳ ಬಗ್ಗೆ ಯಾರೇ ಬರೆದರೂ ಸಂಪಾದಕರು ಅದನ್ನು ಮೊದಲು ಹುಕ್ಕೇರಿಯ ಒಬ್ಬ ಪಂಡಿತರಿಗೆ ಕಳಿಸಿ, ಅವರು ಸರಿ ಎಂದ ಮೇಲೆಯೇ ಅಚ್ಚಿಗೆ ಹಾಕುವ ಪದ್ಧತಿ. ಪದ್ಧತಿ ಒಳ್ಳೆಯದೇ. ನಮ್ಮದನ್ನೂ ಸಂಪಾದಕರು ಓದಿ ನೋಡದೆ ಹಾಗೆಯೇ ಪಂಡಿತರಿಗೆ ಕಳಿಸಿದರು. ಸುಗ್ಗಿ ಮುಗಿಯಿತು, ಬೇಸಿಗೆ ಕಳೆಯಿತು. ಕೊನೆಗೆ ಲಕೋಟೆಯ ಮೇಲಿದ್ದ ಸಾಲಿಯ ವಿಳಾಸಕ್ಕೆ ಸಂಪಾದಕರಿಂದ ಒಂದು ಕಾರ್ಡು ಬಂತು. ಲೇಖನ ಇನ್ನೂ ಪಕ್ವವಾಗಿಲ್ಲ, ಅಚ್ಚಿಗೆ ಯೋಗ್ಯವಲ್ಲ ಎಂದು ಪಂಡಿತರ ಅಭಿಪ್ರಾಯ. ಬರಹ ವಾಪಸು ಬರಲಿಲ್ಲ. ನಮ್ಮನಿಯವರು ತಪ್ಪು ತಮ್ಮದೇ ಇರಬೇಕೆಂದು, ಇನ್ನಷ್ಟು ಗರಿ ಓದಿ ಮತ್ತೆ ಬರೆಯೋಣ ಅಂದರು.

ಶ್ರಾವಣದ ಹೊಸ್ತಿಲಿಗೆ ಪತ್ರಿಕೆಯ ಹೊಸ ಸಂಚಿಕೆ ಬಂತು. ಮೊದಲ ಲೇಖನವೇ ನಮ್ಮದು. ನಾನು ಶುದ್ಧ ಪ್ರತಿ ಮಾಡಿದ ವಾಕ್ಯಗಳು, ಅದೇ ಕ್ರಮ, ಅದೇ ವಚನಗಳು. ಕೆಳಗೆ ಪಂಡಿತರ ಹೆಸರು, ಬಿರುದಿನ ಸಮೇತ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಓಲೆಗಳು ತಮ್ಮ ಹಿರಿಯರ ಸಂಗ್ರಹದವೆಂದು ಬರೆದಿದ್ದರು. ದಡ್ಡಿಯ ಸುದ್ದಿಯೇ ಇಲ್ಲ. ಅಷ್ಟಕ್ಕೂ ಬಿಡಲಿಲ್ಲ ಪುಣ್ಯಾತ್ಮ. ಶರಣೆಯ ಒಲೆಯ ಬೂದಿ ಅವರಿಗೆ ಒರಟಾಗಿ ಕಂಡಿರಬೇಕು, ಅದನ್ನು ಯಜ್ಞದ ಭಸ್ಮ ಮಾಡಿಬಿಟ್ಟಿದ್ದರು. ನಮ್ಮನಿಯವರು ತಮ್ಮ ಲೇಖನ ಹೋದದ್ದಕ್ಕೆ ಏನೂ ಅನ್ನಲಿಲ್ಲ. ಆ ಒಂದು ಮಾತಿನ ಮೇಲೆ ಬೆರಳಿಟ್ಟುಕೊಂಡು, “ಇದು ಆಕಿ ಮಾತಲ್ಲ,” ಅಂದರು. ಅವತ್ತು ಊಟ ಮಾಡಲಿಲ್ಲ.

ಮೊದಲ ಸೋಮವಾರ ದಡ್ಡಿಗೆ ಹೋಗುವುದು ಬೇಡವೆಂದು ನಾನು ಅತ್ತೆ. ಹೋಗಲೇಬೇಕು, ಮಾತು ಕೊಟ್ಟವನು ನಾನು ಅಂದರು. ಲೇಖನ ಅಚ್ಚಾದ ಸುದ್ದಿ ಆಯಿಗೆ ಹೇಗೋ ಮುಟ್ಟಿತ್ತು. ಅಂಗಳಕ್ಕೆ ಸಗಣಿ ಸಾರಿಸಿ, ಹುಗ್ಗಿ ಮಾಡಿಸಿ, ಬಂಧುಗಳನ್ನು ಕರೆದು ಕಾಯುತ್ತಿದ್ದಳು. ಜಗಲಿಯ ಮುಂದೆ ಕೂತು ಓದಲು ನನಗೆ ಹೇಳಿದಳು. ನಾನು ಗಂಡನ ಮುಖ ನೋಡಿದೆ. ಇಲ್ಲದ ಒಂದು ಸಾಲನ್ನು ಸೇರಿಸಿ ಓದಿದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಿಗೆ ನನ್ನ ಮನಸ್ಸು ತಿಳಿಯಿತು.

“ಇದ್ದದ್ದನ್ನಷ್ಟ ಓದು,” ಅಂದರು.

ಓದಿದೆ. ಪಂಡಿತರ ಹೆಸರಿಗೆ ಬಂದು ನಿಂತೆ. ಮುಂದೆ ಓದು, ನಮ್ಮ ಮನೆತನ ಎಲ್ಲಿ ಎಂದು ಆಯಿ ಕೇಳಿದಳು. ಇವರು ತಲೆ ತಗ್ಗಿಸಿ ಕೂತರು. ತಡೆಯಲಾರದೆ ನಾನೇ ನಡೆದದ್ದನ್ನೆಲ್ಲ ಹೇಳಿದೆ, ಪಂಡಿತರನ್ನು ಕಳ್ಳ ಎಂದೂ ಅಂದೆ. ಆಯಿ ಕೂಗಾಡಲಿಲ್ಲ. ಮೆಲ್ಲಗೇ ಅಂದಳು.

“ಆ ಪಂಡಿತರು ನಮ್ಮ ಹೊಸ್ತಿಲಾ ತುಳಿದಿಲ್ಲ ತಂಗಿ. ಕಟ್ಟ ಮುಟ್ಟಿ ಆಣಿ ಮಾಡಿದಾವ್ರು ನಿನ್ನ ಗಂಡ.”

ಹುಗ್ಗಿ ಬಡಿಸಿದಳು. ಅಂದು ಕಟ್ಟು ಬಿಚ್ಚಲಿಲ್ಲ.

ನಾನು ಸುಮ್ಮನೆ ಕೂಡುವ ಪೈಕಿ ಅಲ್ಲ. ಮೊದಲೇ ಕಾಗದ ಹಾಕಿ, ಅವರನ್ನು ಎಬ್ಬಿಸಿಕೊಂಡು ಗೋಕಾವಿಗೆ ಹೋದೆ. ಸಂಪಾದಕರು ಸಜ್ಜನರು, ಆದರೆ ಅಂಜುಬುರುಕರು. ಪಂಡಿತರನ್ನೂ ಕರೆಸಿದ್ದರು. ಕೋಣೆ ತುಂಬ ಗಂಡಸರು. ಬಂದ ಲೇಖನಕ್ಕೆ ಸಾಲಿಯ ವಿಳಾಸ ಬಿಟ್ಟರೆ ಹೆಸರಿರಲಿಲ್ಲ, ಅದು ಯಾರದೆಂದು ತಿಳಿಯುವುದು ಹೇಗೆ ಎಂದು ಸಂಪಾದಕರು ಕೇಳಿದರು. ಇವರೋ ನನ್ನದು ಎನ್ನಲೊಲ್ಲರು, ಅದು ಶರಣೆಯದು ಎನ್ನುತ್ತಾರೆ! ಸಂಪಾದಕರು ನನ್ನ ಕಡೆ ತಿರುಗಿ, ಯಾರು ಬರೆದರು, ಹೆಸರು ಹೇಳು ತಾಯಿ ಅಂದರು. ನನ್ನ ಬಾಯಲ್ಲಿ ಬಂದದ್ದು, “ನಮ್ಮನಿಯವರು.” ಮತ್ತೊಮ್ಮೆ ಕೇಳಿದರು. ಅಷ್ಟು ಜನ ಹಿರಿಯರ ಎದುರು ನಾಲಿಗೆ ಏಳಲಿಲ್ಲ. ಪಂಡಿತರು ನಕ್ಕರು.

“ಹೆಸರಿಲ್ಲದಾವ್ರು ಬರದಾರಂತ, ಹೆಸರ ಹೇಳಲಾರದಾವ್ರು ಸಾಕ್ಷಿ ಅಂತ.”

ಕೋಣೆಯೆಲ್ಲ ನಕ್ಕಿತು. ಆದರೂ ಬೂದಿ ಭಸ್ಮವಾದ ಮಾತನ್ನು ನಾನು ಎತ್ತಿದಾಗ ಸಂಪಾದಕರು ಒಂದು ನ್ಯಾಯದ ಮಾತು ಆಡಿದರು. ದಡ್ಡಿಯ ಕಟ್ಟನ್ನು ತೋರಿಸಿ, ಬೇಕಾದರೆ ನಾನೇ ಅಲ್ಲಿಗೆ ಬರುತ್ತೇನೆ, ಅದರಲ್ಲಿ ಒಲೆಯ ಬೂದಿ ಎಂದಿದ್ದರೆ ಪಂಡಿತರು ಮೂಲ ಓಲೆಯನ್ನೇ ಕಂಡಿಲ್ಲವೆಂದಾಯಿತು, ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ತಿದ್ದಿ ಹಾಕುತ್ತೇನೆ ಅಂದರು. ಪಂಡಿತರ ನಗೆ ಆರಿತು.

ಅಲ್ಲಿಂದ ನೇರ ದಡ್ಡಿಗೆ ಬಂದೆವು. ಆಯಿ ಬಾಗಿಲಲ್ಲಿಯೇ ಇದ್ದಳು. ಅವಳ ಹಿಂದೆ ಜಗಲಿ ಕಾಣುತ್ತಿತ್ತು. ಕಟ್ಟು ಇರುತ್ತಿದ್ದ ಜಾಗದಲ್ಲಿ ಬರೀ ವಿಭೂತಿಯ ಕಲೆ. ಸುಳ್ಳು ಆಣೆ ಬಿದ್ದ ಕಟ್ಟನ್ನು ಜಗಲಿಯ ಮೇಲೆ ಇಟ್ಟರೆ ಮನೆತನಕ್ಕೆ ಕೇಡು ಎಂದು, ಹೂವು ಏರಿಸಿ, ಹೊಳೆಗೆ ಬಿಟ್ಟಿದ್ದಳು. ಯಾವ ಹೊಳೆಯಿಂದ ಮಾವನವರು ಹೊತ್ತು ತಂದಿದ್ದರೋ ಅದೇ ಹೊಳೆಗೆ. ಹೇಳುವಾಗ ಆಕೆಯ ಕಣ್ಣಲ್ಲೂ ನೀರಿತ್ತು.

ನಮ್ಮನಿಯವರು ದಂಡೆಗೆ ಹೋಗಿ ಕೂತರು. ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಳ್ಳತನಕ್ಕಾಗಿ ಅಲ್ಲ, ನಕ್ಕವರಿಗಾಗಿಯೂ ಅಲ್ಲ.

“ಇನ್ನ ಅರ್ಧ ಓದೂದಿತ್ತು,” ಅಂದರು. “ಆಕಿ ಮುಂದೇನ ಅಂದಿದ್ಳೋ.”

ಆ ಮೇಲೆ ಅವರು ಯಾರ ಮನೆಯ ಜಗಲಿಯ ಮುಂದೂ ಕೂಡಲಿಲ್ಲ. ಕರೆದವರೂ ಇಲ್ಲ. ಆಣೆ ತಪ್ಪಿದ ಮಾಸ್ತರ ಎಂಬ ಮಾತು ಸುತ್ತಲಿನ ಹಳ್ಳಿಗಳಿಗೆಲ್ಲ ಹಬ್ಬಿತ್ತು. ಯಜ್ಞದ ಭಸ್ಮ ಪುಸ್ತಕಗಳಿಗೆ ಸೇರಿತು. ಓದಿದವರು ಕೊಂಡಾಡಿದರು. ಸುಳ್ಳೆನ್ನಲು ಸಾಕ್ಷಿ ಎಲ್ಲಿತ್ತು? ನಾನು ಬರೆದುಕೊಂಡದ್ದೂ ಪಂಡಿತರ ಪರವಾಗಿ ನಿಂತವರಿಗೆ ನಾನು ಕಟ್ಟಿದ ಕತೆಯಾಯಿತು.

ಪರದೇಶದಲ್ಲಿ ದೊಡ್ಡ ಲಡಾಯಿ ನಡೆದಿದ್ದ ವರ್ಷಗಳಲ್ಲಿ ನಮ್ಮನಿಯವರಿಗೆ ಜ್ವರ ಬಂತು. ಇಳಿಯಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ನಾನು ಮೂಡಲಗಿಯ ತವರಿಗೆ ಬಂದೆ. ಗೋಕಾವಿಯ ಸಂಪಾದಕರು ಅಲ್ಲಿಗೇ ದುಃಖ ಮಾತಾಡಿಸಲು ಬಂದರು. ಬಹಳ ಮುದುಕರಾಗಿದ್ದರು. ಮಾಸ್ತರರು ತೀರಿಕೊಂಡ ಬಗ್ಗೆ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕುತ್ತೇನೆ, ಹೆಸರು ಹೇಗೆ ಬರೆಯಬೇಕು ಎಂದು ನೆಲ ನೋಡುತ್ತ ಕೇಳಿದರು. ಒಳಗೆ ಹೆಂಗಸರು, ಹೊರಗೆ ಗಂಡಸರು ತುಂಬಿ ಕೂತಿದ್ದರು. ನಾನು ಎದ್ದು ನಿಂತು ಅವರ ಹೆಸರು ಹೇಳಿದೆ. ಪೂರ್ತಿ ಹೇಳಿದೆ, ಒಡಪಿಲ್ಲದೆ. ನಮ್ಮ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅದರ ಕೆಳಗೆ ಇನ್ನೊಂದು ಸಾಲು ಹಾಕಬೇಕೆಂದು, ದಡ್ಡಿಯ ಮನೆತನದ ಹೆಸರನ್ನೂ ಹೇಳಿದೆ. ಸಂಪಾದಕರು ಏಕೆಂದು ಕೇಳಲಿಲ್ಲ.

ಅಚ್ಚಾಗಿ ಬಂದ ಸಂಚಿಕೆ ತೆಗೆದುಕೊಂಡು ದಡ್ಡಿಗೆ ಹೋದೆ. ಆಯಿಗೆ ಕಣ್ಣು ಹೋಗಿದ್ದವು. ದನಿಯ ಮೇಲೆ ನನ್ನ ಗುರುತು ಹಿಡಿದು ಕೈ ಹಿಡಿದಳು. ದೊಡ್ಡ ಮಾತೇನೂ ಆಡದೆ, ಅವಳ ಮನೆತನವಿದ್ದ ಸಾಲನ್ನಷ್ಟೇ ಓದಿದೆ: ವಚನದ ಕಟ್ಟನ್ನು ಹೊಳೆಯಿಂದ ಹೊತ್ತು ತಂದು ಕಾಪಾಡಿದ ಮನೆ ಎಂದು. ಮತ್ತೊಮ್ಮೆ ಓದಿಸಿದಳು. ಪತ್ರಿಕೆಯ ಮೇಲೆ ಕೈಯಾಡಿಸಿದಳು.

“ಮಾತ ಉಳಿಸಿಕೊಂಡ್ರು ಮಾಸ್ತರು,” ಅಂದಳು. “ಅವರ ಯಾಕ ಬರ್ಲಿಲ್ಲ ತಂಗಿ? ಇನ್ನೂ ನನ್ನ ಮ್ಯಾಲ ಸಿಟ್ಟ ಐತೇನ?”

ಇದ್ದದ್ದನ್ನಷ್ಟ ಓದು ಅಂದಿದ್ದರು ನಮ್ಮನಿಯವರು. ಇದ್ದದ್ದನ್ನು ಬಿಟ್ಟು ಓದು ಅಂದಿರಲಿಲ್ಲ. ನಾನು ಪತ್ರಿಕೆಯನ್ನು ಹತ್ತಿರ ಹಿಡಿದು ಮೇಲಿನ ನಾಲ್ಕು ಸಾಲನ್ನೂ ಓದಿದೆ.