ಅಪ್ಪ ಬಿಟ್ಟುಕೊಟ್ಟ ಮನೆ

ಒಣ ಸಿಗಡಿ ಹುರಿಯುವ ವಾಸನೆ ಎಲ್ಲಿಂದಾದರೂ ತೇಲಿಬಂದರೆ ನನಗೆ ಬಾಯಲ್ಲಿ ನೀರೂರುವ ಮೊದಲು ಸಿಟ್ಟು ಬರುತ್ತದೆ. ಗುಜರಾತಿನ ಬಡೋದೆಯ ಆ ಓಣಿ, ಮರದ ಕಂಬಗಳ ಮೇಲೆ ನಿಂತ ಮಹಡಿಮನೆ, ಅಡುಗೆಮನೆಯ ಬಾಗಿಲ ಸಂದಿಗೆಲ್ಲ ಹಳೆಯ ಸೀರೆಯ ತುಂಡು ತುರುಕಿ, ಬೆವರುತ್ತ ಒಲೆಯ ಮುಂದೆ ಕೂತ ಅವ್ವ, ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಗದಗಿನಿಂದ ಯಾರೋ ತಂದುಕೊಟ್ಟ ಒಂದು ಬೊಗಸೆ ಸಿಗಡಿ ಅದು. ನಾನೂ ತಂಗಿ ಲೂಸಿಯೂ ತಟ್ಟೆ ಹಿಡಿದು ಕಾಯುತ್ತಿದ್ದೆವು. ಅಪ್ಪ ಅಂದೇ ಕೋರ್ಟಿನಿಂದ ಬೇಗ ಬರಬೇಕೆ! ಬಂದವರು ಕರಿ ಕೋಟನ್ನೂ ಬಿಚ್ಚದೆ ಮೂಗೆಳೆದು, ಮೆಟ್ಟಿಲಿಳಿದು ಹೋಗಿ, ಕೆಳಗಿನ ಉಯ್ಯಾಲೆಯ ಮೇಲೆ ಕೂತಿದ್ದ ಮನೆಯ ಮಾಲೀಕ ಜಯಂತಿಭಾಯಿಗೆ ಕೈಮುಗಿದರು. "ನಮ್ಮ ಅಡುಗೆಮನೆಯಲ್ಲಿ ಇವತ್ತು ಮೀನು ಹುರಿದಿದ್ದಾರೆ. ನಿಮಗೆ ಕೊಟ್ಟ ಮಾತು ತಪ್ಪಿದ್ದೇವೆ." ಜಯಂತಿಭಾಯಿಗೆ ಅಂದು ಸಿಕ್ಕಾಪಟ್ಟೆ ನೆಗಡಿ, ಯಾವ ವಾಸನೆಯೂ ಬಡಿದಿರಲಿಲ್ಲ. "ಹಶೆ, ವಕೀಲ್‌ಸಾಹೇಬ್, ಹಶೆ," ಎಂದರಂತೆ, ಹೋಗಲಿ ಬಿಡಿ ಅನ್ನುವ ಹಾಗೆ. ಅವ್ವ ಬಾಣಲೆಯಲ್ಲಿದ್ದುದನ್ನೆಲ್ಲ ಕಾಗೆಗಳಿಗೆ ಚೆಲ್ಲಿದಳು.

ಅಪ್ಪ ಗದಗಿನ ಕಡೆಯ ಕನ್ನಡ ಕ್ಯಾಥೊಲಿಕರು. ಬೆಳಗಾವಿಯಲ್ಲಿ ವಕೀಲಿ ಓದಿ, ರೈಲ್ವೆಯಲ್ಲಿದ್ದ ನಮ್ಮ ದೊಡ್ಡಪ್ಪನ ಬೆನ್ನಿಗೆ ಬಡೋದೆಗೆ ಬಂದವರು ಅಲ್ಲೇ ನಿಂತರು. ಅರವತ್ತರ ದಶಕದ ಆ ಊರಿನಲ್ಲಿ ಮೀನು ಮಾಂಸ ತಿನ್ನುವ ನಮ್ಮಂಥವರಿಗೆ ಮನೆ ಸಿಗುವುದು ಸುಲಭವಿರಲಿಲ್ಲ. ಹನ್ನೊಂದು ಬಾಗಿಲು ತಟ್ಟಿ ಇಲ್ಲ ಅನಿಸಿಕೊಂಡ ಮೇಲೆ, ಒಳಗೆ ಮೀನು ಮಾಂಸ ಬೇಯಿಸುವುದಿಲ್ಲವೆಂದು ಅಪ್ಪ ಮಾತು ಕೊಟ್ಟು ಜಯಂತಿಭಾಯಿಯ ಮಹಡಿ ಹಿಡಿದಿದ್ದರು. ಗಾಳಿ ಬೆಳಕಿನ ಮೂರು ಕೋಣೆ, ಶಾಲೆಗೆ ಐದು ನಿಮಿಷ, ಸಂಜೆ ಕೆಳಗಿನ ಉಯ್ಯಾಲೆ ನಮ್ಮದೇ. ಅವ್ವ ಗೋಡೆಯ ಮಾಡದಲ್ಲಿ ಮಾತೆ ಮರಿಯಳ ಪ್ರತಿಮೆ ಇಟ್ಟು, "ಇನ್ನ ಇಲ್ಲಿಂದ ನನ್ನ ಹೆಣಾನ ಹೊರಗ ಹೋಗಬೇಕು" ಅಂದಿದ್ದಳು.

ಅಪ್ಪನ ಭಕ್ತಿಗೆ ಹೊತ್ತುಗೊತ್ತು ಇತ್ತು, ನಮ್ಮ ಹಸಿವಿಗೆ ಇರಲಿಲ್ಲ. ನಸುಕಿನಲ್ಲಿ ಸೈಕಲ್ ತುಳಿದು ಚರ್ಚಿನ ಪೂಜೆಗೆ ಹೋಗಿ ಬರುವವರೆಗೆ ಮನೆಯಲ್ಲಿ ಚಹಾ ಇಲ್ಲ. ಸಂಜೆ ಏಳಕ್ಕೆ ಜಪಸರ; ಆಗ ಎಂಥ ಕಕ್ಷಿದಾರ ಬಂದರೂ ಮೆಟ್ಟಿಲ ಮೇಲೆ ಕೂತಿರಬೇಕು. ಐವತ್ತು ನಮೋ ಮರಿಯಾ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅರ್ಧ ಜನ ಎದ್ದು ಬೇರೆ ವಕೀಲರ ಮನೆಗೆ ಹೋಗಿರುತ್ತಿದ್ದರು. ಉಳಿದವರಿಗೆ ಅಪ್ಪನ ಮೊದಲ ಮಾತು: "ನೀವು ಸುಳ್ಳು ಹೇಳಿದರೆ ಅದನ್ನು ನಾನು ಶನಿವಾರ ಪಾದ್ರಿಗಳ ಮುಂದೆ ಪಾಪನಿವೇದನೆಯಲ್ಲಿ ಹೇಳಬೇಕಾಗುತ್ತದೆ, ನೋಡಿ." ಅವರಲ್ಲೂ ಅರ್ಧ ಜನ ಮರುದಿನ ಬರುತ್ತಿರಲಿಲ್ಲ.

ಇಂಥವರ ಬಳಿಗೇ ಬಂದರು ಶಾಂತಾಬೆನ್. ಜಯಂತಿಭಾಯಿಯ ತೀರಿಹೋದ ತಮ್ಮನ ಹೆಂಡತಿ. ಅದೇ ಮನೆಯ ಹಿಂಭಾಗದ ಕೋಣೆಯಲ್ಲಿದ್ದವರು. ಗಂಡ ಸತ್ತು ವರ್ಷ ತುಂಬುವ ಮೊದಲೇ ತಮ್ಮನ ಪಾಲು ನುಂಗುವ ಆಲೋಚನೆ ಜಯಂತಿಭಾಯಿಗೆ ಬಂದಿತ್ತು. ಸೂರತ್ತಿನ ತವರಿಗೆ ಹೋಗು ಎಂದು ಅವರ ಅಡುಗೆಯ ಕೋಣೆಗೆ ಬೀಗ ಹಾಕಿಸಿದ್ದರು. ಸೂರತ್ತಿನ ಅಣ್ಣನಿಗೆ ತಂಗಿ ಬೇಡ. ಊರಿನ ಮೂವರು ವಕೀಲರು ಜಯಂತಿಭಾಯಿಯ ಹೆಸರು ಕೇಳಿ ಕೈ ಚೆಲ್ಲಿದ್ದರು. ಬಿಳಿ ಸೀರೆಯ ಆ ಹೆಂಗಸು ನಮ್ಮ ಹೊಸ್ತಿಲಾಚೆ ಕೂತು, "ಒಂದೇ ಸೂರಿನ ಕೆಳಗಿರುವವರನ್ನು ಕೇಳಬಾರದು, ಭಾಯಿ. ಆದರೆ ಇನ್ನು ಯಾರನ್ನು ಕೇಳಲಿ?" ಅಂದರು. ಅಪ್ಪ ಕಾಗದ ಪತ್ರ ತೆಗೆದುಕೊಂಡರು.

"ಯಾಕ್ರೀ, ಇಡೀ ಬಡೋದ್ಯಾಗ ಬ್ಯಾರೆ ವಕೀಲರು ಸತ್ತಾರೇನ್ರೀ?" ಎಂದಳು ಅವ್ವ. ಆದರೆ ಅವಳಿಗೂ ಒಳಗೊಳಗೆ ಶಾಂತಾಬೆನ್ನರ ಮೇಲೆ ಮರುಕವಿತ್ತು. ದಿನಾ ಹಿತ್ತಿಲ ಬಾಗಿಲಿನಿಂದ ಅವರಿಗೆ ಬೆಂಕಿ, ಬಿಸಿನೀರು ಕೊಡುತ್ತಿದ್ದಳು. ಕೇಸಿನ ಮಟ್ಟಿಗೆ ಸುಮ್ಮನಾದಳು. ಅವಳ ತಾಳ್ಮೆ ಹರಿದದ್ದು ಮೂರು ದಿನ ಬಿಟ್ಟು, ಮನೆ ಖಾಲಿ ಮಾಡೋಣ ಎಂದು ಅಪ್ಪ ಹೇಳಿದಾಗ.

ಜಯಂತಿಭಾಯಿ ಮನೆ ಬಿಡಿ ಎಂದಿರಲಿಲ್ಲ. ಎಂದಿದ್ದರೂ ನಡೆಯುತ್ತಿರಲಿಲ್ಲ. ಬಾಡಿಗೆ ಕಾಯ್ದೆಯನ್ನು ಅಪ್ಪ ಅರೆದು ಕುಡಿದಿದ್ದರು. ಎಷ್ಟೋ ಬಡವರನ್ನು ಅವರವರ ಮನೆಯಲ್ಲಿ ಉಳಿಸಿಕೊಟ್ಟಿದ್ದರು.

"ಕಾಯ್ದೆ ಪ್ರಕಾರ ನಮ್ಮನ್ನ ಯಾರೂ ಎಬ್ಬಸಾಕ ಬರೂದಿಲ್ಲಂತ ನೀವ ಹೇಳತಿದ್ರಲ್ಲ?" ಎಂದಳು ಅವ್ವ.

"ಬರೂದಿಲ್ಲ. ಆದ್ರ ಮುಂಜಾನೆ ಅವರ ಮನ್ಯಾಗ ಎದ್ದು, ಹನ್ನೊಂದಕ್ಕ ಅವರ ವಿರುದ್ಧ ನಿಂತು ಹೆಂಗ ಮಾತಾಡ್ಲಿ? ನನ್ನ ಮನಸ್ಸು ಒಪ್ಪೂದಿಲ್ಲ."

"ನಿಮ್ಮ ಮನಸ್ಸಿಗೆ ಈ ಎರಡು ಹುಡಿಗ್ಯಾರು ಕಾಣೂದಿಲ್ಲೇನು?"

ಹದಿನೈದು ದಿನದಲ್ಲಿ ನಾವು ರೈಲುಹಳಿಯಾಚೆಯ ಎರಡು ಕೋಣೆಗೆ ಬಂದೆವು. ಒಣಹಾಕಿದ ಬಟ್ಟೆಯ ಮೇಲೆ ಇಂಜಿನ್ನಿನ ಮಸಿ, ನೀರಿಗೆ ಸಾಲು, ಶಾಲೆಗೆ ಮುಕ್ಕಾಲು ಗಂಟೆಯ ನಡಿಗೆ. ಮಳೆಗಾಲದಲ್ಲಿ ಲೂಸಿಗೆ ಎದೆ ಕಟ್ಟಿ ಒಂದು ಪರೀಕ್ಷೆಯೇ ತಪ್ಪಿತು. ಅಲ್ಲಿ ಬೇಕಾದಷ್ಟು ಮೀನು ಬೇಯಿಸಬಹುದಿತ್ತು. ಅವ್ವ ಬೇಯಿಸುತ್ತಿರಲಿಲ್ಲ.

ಕೇಸು ನಾಲ್ಕು ವರ್ಷ ಎಳೆಯಿತು. ಕೊನೆಗೆ ಅರ್ಧ ಮನೆ ಶಾಂತಾಬೆನ್ನರದು ಎಂದು ತೀರ್ಪಾಯಿತು. ಮರುದಿನವೇ ಅವರು ಟಾಂಗಾದಲ್ಲಿ ಬಂದಿಳಿದರು. ಅವ್ವನ ಎರಡೂ ಕೈ ಹಿಡಿದು, "ಮಹಡಿ ನನ್ನ ಪಾಲಿಗೆ ಬಂದಿದೆ. ಖಾಲಿಯಿದೆ. ನಾಳೆಯೇ ಬನ್ನಿ, ಬೆನ್. ಒಲೆಯ ಮೇಲೆ ಏನಿಡುತ್ತೀರಿ ಎಂದು ನಾನು ಕೇಳುವವಳಲ್ಲ," ಅಂದರು. ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಲೂಸಿ ಆಗಲೇ ಪುಸ್ತಕ ಜೋಡಿಸಲು ಎದ್ದಿದ್ದಳು. ಅಪ್ಪ ತಲೆ ತಗ್ಗಿಸಿ, "ಬೇಡ, ಬೆನ್," ಎಂದರು. "ನಾಳೆ ನಾನಲ್ಲಿ ಬಂದು ಕೂತರೆ, ವಕೀಲ ಮನೆಗಾಗಿಯೇ ಕೇಸು ನಡೆಸಿದ ಅನ್ನುತ್ತಾರೆ. ನಿಮ್ಮ ನ್ಯಾಯಕ್ಕೆ ಕಲೆ ಹತ್ತುತ್ತದೆ." ಶಾಂತಾಬೆನ್ ಅತ್ತರು. ಟಾಂಗಾ ತಿರುಗಿ ಹೋಯಿತು.

ಆ ಮೇಲೆ ಸುಮಾರು ಒಂದು ತಿಂಗಳು ಅವ್ವ ಅಪ್ಪನೊಡನೆ ಮಾತಾಡಲಿಲ್ಲ. ಏಳಕ್ಕೆ ಜಪಸರಕ್ಕೆ ಮಾತ್ರ ಬಂದು ಮೊಣಕಾಲೂರುತ್ತಿದ್ದಳು. ಅಪ್ಪ ನಮೋ ಮರಿಯಾದ ಮೊದಲರ್ಧ ಹೇಳುವರು, ಅವ್ವ ಉಳಿದರ್ಧ. ಇಡೀ ದಿನದಲ್ಲಿ ಅವರಿಬ್ಬರ ನಡುವೆ ಇದ್ದ ಮಾತು ಅಷ್ಟೇ. ದೇವರ ಮುಂದೆಯೂ ಅವಳ ದನಿಯಲ್ಲಿ ಸಿಡುಕಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ನೋವಾಗಿತ್ತೆಂದು ಈಗ ತಿಳಿಯುತ್ತದೆ. ಆಗ ನನಗೆ, ನೋವಾಗಲಿ ಅನಿಸಿತ್ತು.

ಇದಾಗಿ ವರ್ಷವಾಗಿರಬಹುದು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಬಾಗಿಲಿಗೆ ಜಯಂತಿಭಾಯಿಯೇ ಬಂದರು. ಮೈ ಇಳಿದುಹೋಗಿತ್ತು, ಉಸಿರಾಟ ಜೋರಾಗಿತ್ತು. ಉಯಿಲು ಬರೆಸಬೇಕಿತ್ತು. "ನನ್ನ ಗಂಡುಮಕ್ಕಳು ನಾಳೆ ಹೆಣ್ಣುಮಕ್ಕಳನ್ನು ಬೀದಿಗೆ ಹಾಕುತ್ತಾರೆ," ಎಂದರು. "ಅದನ್ನು ಹೇಗೆ ಮಾಡುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು, ವಕೀಲ್‌ಸಾಹೇಬ್. ಯಾರೂ ಮುರಿಯಲಾಗದಂತೆ ನೀವೇ ಬರೆಯಬೇಕು." ಅಪ್ಪ ಲೇಖನಿ ತೆಗೆದರು. ಅವ್ವ ಒಳಗೆ ಪಾತ್ರೆಗಳನ್ನು ಬೇಕೆಂದೇ ಕುಕ್ಕುತ್ತ ಚಹಾ ಮಾಡಿದಳು. ಆದರೆ ಏಲಕ್ಕಿ ಹಾಕಿದ್ದಳು.

ಆ ದಶಕ ಮುಗಿಯುವ ಮೊದಲೇ ಅಪ್ಪ ಹೋದರು. ಬೆಳಗಿನ ಪೂಜೆಗೆ ಹೊರಟವರು ಸೈಕಲ್ಲನ್ನು ಗೋಡೆಗೊರಗಿಸಿ, ಅಲ್ಲೇ ಕೆಳಗೆ ಕೂತರಂತೆ. ಐವತ್ತೊಂದೂ ತುಂಬಿರಲಿಲ್ಲ. ಸಮಾಧಿಯ ಬಳಿ ಮಣ್ಣು ಹಾಕಲು ನಿಂತವರಲ್ಲಿ ಮುಕ್ಕಾಲು ಜನರ ಹೆಸರು ನಮಗೆ ಗೊತ್ತಿರಲಿಲ್ಲ. ಶಾಂತಾಬೆನ್ ಅವ್ವನ ಪಕ್ಕದಿಂದ ಕದಲಲಿಲ್ಲ. ಆ ಮಹಡಿಮನೆಯನ್ನು ನಾವು ಮತ್ತೆ ನೋಡಲಿಲ್ಲ. ಅದನ್ನು ಕೆಡವಿ ಅಂಗಡಿಸಾಲು ಎಬ್ಬಿಸಿದ್ದಾರೆಂದು ಎಷ್ಟೋ ಕಾಲದ ಮೇಲೆ ಕೇಳಿದೆ.

ಅವ್ವ ಮುದುಕಿಯಾದ ಮೇಲೆ ಒಮ್ಮೆ ಅವಳ ತಲೆ ಬಾಚುತ್ತ ಕೇಳಿದೆ: "ಅವ್ವಾ, ಅಪ್ಪನ ಮ್ಯಾಲಿನ ಸಿಟ್ಟು ಹೋತೇನು?"

"ಎಲ್ಲಿ ಹೋಗತೈತಿ," ಅಂದಳು. "ಇನ್ನೂ ಐತಿ. ಹೊತ್ತು ಮುಳುಗಿದ್ರ ಬರತೈತಿ. ಬೈಯೂಣಂತ ಬಾಯಿ ತೆಗೀತೀನಿ, ಎದುರಿಗೆ ಯಾರೂ ಇರೂದಿಲ್ಲ."